ಅಟ್ಟದ ಮೇಲೊಂದು ಬಚ್ಚಲು: ನಕ್ಷೆಯನ್ನು ಕೆಳಗಿನಿಂದ ಬರೆಯಿರಿ

ಅಡಿಕೆ ತಟ್ಟಿ, ತಾಮ್ರದ ಹಂಡೆ, ಹಳೆಯ ತೊಟ್ಟಿಲು, ಮದುವೆಗೊಮ್ಮೆ ಇಳಿಸುವ ಕಡಾಯಿ. ನಮ್ಮ ಸಾಗರದ ಕಡೆ ಅಟ್ಟ ಇರುತ್ತಿದ್ದುದು ಇವಕ್ಕಾಗಿ. ಈಗ ಅದೇ ಅಟ್ಟ ಹೋಂಸ್ಟೇ ಕೋಣೆಯಾಗುತ್ತಿದೆ, ಇಲ್ಲವೇ ಹಬ್ಬಕ್ಕೆ ಬೆಂಗಳೂರಿನಿಂದ ಬರುವ ಮಗ-ಸೊಸೆಯ ಕೋಣೆ. ಮಲಗುವ ಕೋಣೆ ಮಾಡುವುದೇನೂ ಕಷ್ಟವಲ್ಲ. ಹಲಗೆ ಉಜ್ಜಿ ಪಾಲಿಶ್ ಹಾಕಿ, ನಾಲ್ಕು ಗಾಜಿನ ಹಂಚು ಕೂರಿಸಿ, ಮಂಚ ಹತ್ತಿಸಿದರೆ ಮುಗಿಯಿತು. ಆದರೆ ಆಷಾಢದ ಮಳೆಯಲ್ಲಿ ನಡುರಾತ್ರಿ ಏಣಿಮೆಟ್ಟಿಲು ಇಳಿದು, ಜಗಲಿ ದಾಟಿ ಹಿತ್ತಿಲ ಕಕ್ಕಸ್ಸಿಗೆ ಹೋಗಬೇಕಾದ ಅತಿಥಿ ಮತ್ತೆ ಬರುವುದಿಲ್ಲ. ಮಗನೂ ಬೆಳಿಗ್ಗೆ ಗೊಣಗುತ್ತಾನೆ.

ಹಂಚಿನ ಮನೆಯ ಅಟ್ಟದಲ್ಲಿ ಬಚ್ಚಲು ಮತ್ತು ಕಮೋಡು ಕೂರಿಸುವ ಕೆಲಸವನ್ನು ನಾನು ಒಂದು ಸಲ ಕೆಡಿಸಿ, ಎರಡನೇ ಸಲ ಸರಿ ಮಾಡಿಸಿದವನು. ಮೊದಲ ಸಲ ತೋಟ ಕಾಣುವ ಮೂಲೆ ಚೆಂದವೆಂದು ಕಮೋಡನ್ನು ಅಲ್ಲಿಟ್ಟೆ. ಕೆಳಗಿಳಿಯುವ ಪೈಪು ಮನೆಯ ಇನ್ನೊಂದು ತುದಿಯಲ್ಲಿ, 22 ಅಡಿ ದೂರದಲ್ಲಿತ್ತು. ನಾಲ್ಕಿಂಚಿನ ಮಲದ ಪೈಪಿಗೆ 40ಕ್ಕೆ 1ರಷ್ಟು ಇಳಿಜಾರು ಬೇಕು. ಅಂದರೆ 22 ಅಡಿಯಲ್ಲಿ ಸುಮಾರು ಆರೂವರೆ ಇಂಚು ಇಳಿಯಬೇಕು. ನಡುವೆ ತೊಲೆ ಅಡ್ಡ ಬಂದಿದ್ದರಿಂದ ಎರಡೇ ಇಂಚು ಸಿಕ್ಕಿತು. "ಹೋಗ್ತದೆ ಭಟ್ರೇ, ನೀರಲ್ವಾ" ಎಂದ ಪ್ಲಂಬರ್. ನೀರು ಹೋಯಿತು, ಉಳಿದದ್ದು ನಿಂತಿತು. ದೀಪಾವಳಿಗೆ ಮನೆ ತುಂಬ ನೆಂಟರಿದ್ದಾಗಲೇ ಪೈಪು ಕಟ್ಟಿಕೊಂಡಿತು. ತಪ್ಪು ಅವನದಕ್ಕಿಂತ ನನ್ನದೇ ಹೆಚ್ಚು. ಕಿಟಕಿಯಿಂದ ಶುರು ಮಾಡಿದ್ದು ನಾನು.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಹಿತ್ತಿಲ ಸೆಪ್ಟಿಕ್ ಗುಂಡಿ, ಆಮೇಲೆ ಇಳಿಯುವ ಪೈಪು, ಆಮೇಲೆ ಕಮೋಡು, ಆಮೇಲೆ ಮಾಡಿನ (ಹಂಚಿನ ಚಾವಣಿಯ) ಎತ್ತರ. ಟೈಲ್ಸಿನ ಬಣ್ಣ ಕಟ್ಟಕಡೆಗೆ.

ಹಿತ್ತಿಲಿಗೆ ಹೋಗಿ ನಿಂತುಕೊಳ್ಳಿ

ಅಳತೆಪಟ್ಟಿ ಹಿಡಿದು ಅಟ್ಟ ಹತ್ತುವ ಮೊದಲು ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ, ಎಷ್ಟು ಜನರ ಲೆಕ್ಕಕ್ಕೆ ಕಟ್ಟಿದ್ದು ನೋಡಿ. ಮನೆಯ ಐದು ಜನಕ್ಕೆಂದು ಕಟ್ಟಿದ ಟ್ಯಾಂಕಿಗೆ ನಾಲ್ಕು ಅತಿಥಿಗಳನ್ನು ಸೇರಿಸಿದರೆ ಅದು ಬೇಗ ತುಂಬುತ್ತದೆ. ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಮನೆಯ ಗೋಡೆಯಿಂದ 6 ಮೀಟರ್ ದೂರವಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಜಂಬಿಟ್ಟಿಗೆ ಎಂಬ ಕೆಂಪು ಕಲ್ಲಿನ ನೆಲದಲ್ಲಿ ತೂತು ಜಾಸ್ತಿ, ನೀರು ಸರಸರ ಹರಿಯುತ್ತದೆ. ಆದ್ದರಿಂದ 18 ಎನ್ನುವುದನ್ನು ಕೆಳಮಿತಿ ಎಂದೇ ತಿಳಿಯಿರಿ. ಜಾಗ ಇದ್ದರೆ ಇನ್ನೂ ದೂರ ಹೋಗಿ, ಬಾವಿಗಿಂತ ತಗ್ಗಿನ ಕಡೆಗೆ ಹೋಗಿ.

ನಮ್ಮ ಕಡೆ ಬಚ್ಚಲ ನೀರು ಬಾಳೆಗೋ ತೆಂಗಿಗೋ ಹೋಗುವುದು ರೂಢಿ. ಅದನ್ನು ಬಿಡಬೇಡಿ. ಅಟ್ಟದಿಂದ ಎರಡು ಪೈಪು ಇಳಿಸಿ: ಕಮೋಡಿಗೆ 110 ಮಿ.ಮೀ., ಸ್ನಾನ ಮತ್ತು ವಾಶ್‌ಬೇಸಿನ್ನಿಗೆ 75 ಮಿ.ಮೀ. ಎರಡನೆಯದು ನೆಲದಲ್ಲಿ ಗಲ್ಲಿ ಟ್ರ್ಯಾಪಿಗೆ (ನಾತ ತಡೆಯಲು ಸದಾ ಸ್ವಲ್ಪ ನೀರು ನಿಲ್ಲುವ ತೊಟ್ಟಿಗೆ) ಬಿದ್ದು ತೋಟಕ್ಕೆ ಹೋಗಲಿ. ಟ್ಯಾಂಕಿಗೆ ಸೋಪಿನ ನೀರಿನ ಹೊರೆ ತಪ್ಪುತ್ತದೆ. ಮಾಡಿನ ದಂಬೆಯ (ಅಂಚಿನ ಕಾಲುವೆಯ) ಮಳೆನೀರನ್ನು ಮಾತ್ರ ಎರಡರಲ್ಲಿ ಯಾವುದಕ್ಕೂ ಸೇರಿಸಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುತ್ತದೆ, ಅದರ ಅರ್ಧ ಸುರಿಯುವ ಊರಲ್ಲೂ ಜುಲೈನ ಒಂದೇ ರಾತ್ರಿ ಸಾಕು, ಟ್ಯಾಂಕ್ ತುಂಬಿ ಉಕ್ಕಲು.

ಈಗ ಟ್ಯಾಂಕಿಗೆ ಹತ್ತಿರವಾದ ಹೊರಗೋಡೆ ಯಾವುದೆಂದು ಗೊತ್ತಾಯಿತು. ಕಮೋಡು ಆ ಗೋಡೆಯ ಬಳಿಯೇ. ಒಂದೇ ಒಂದು ತಡೆ: ಅದರ ಕೆಳಗೆ ದೇವರಕೋಣೆಯೋ ಅಡಿಗೆಮನೆಯೋ ಇರಬಾರದು. "ದೇವರ ತಲೆ ಮೇಲೆ ಕಕ್ಕಸ್ಸು ಕಟ್ತೀಯಾ?" ಎಂದು ಅಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಡಿಗೆಮನೆಯ ವಿಷಯದಲ್ಲಿ ಶಾಸ್ತ್ರವೇ ಬೇಡ, ಒಂದು ಜಾಯಿಂಟ್ ಸೋರಿದರೆ ಏನಾಗುತ್ತದೆಂದು ಯೋಚಿಸಿದರೆ ಸಾಕು.

ಒಂದಡಿಗೆ ಏಳಿಂಚು

ಮಾಡಿನ ಲೆಕ್ಕಕ್ಕೆ ಎಂಜಿನಿಯರ್ ಬೇಕಿಲ್ಲ. ಮಾಡಿನ ಓರೆ 30 ಡಿಗ್ರಿ ಇದ್ದರೆ ಹೊರಗೋಡೆಯಿಂದ ಒಳಕ್ಕೆ ಒಂದೊಂದು ಅಡಿ ಬಂದಂತೆ ಎತ್ತರ ಏಳಿಂಚು ಏರುತ್ತದೆ. ನಿಮ್ಮ ಮನೆಯ ಓರೆ ಬೇರೆ ಇರಬಹುದು. ಪಕಾಸಿನ (ಹಂಚು ಹೊರುವ ಓರೆ ಮರದ) ಕೆಳಗೆ ಎರಡು ಕಡೆ ಅಳೆದು ನೋಡಿ. ಹಂಚಿನವರೆಗೆ ಅಳೆಯಬೇಡಿ. ಪಕಾಸು, ಅದರಡಿಯ ಮುಚ್ಚಿಗೆ (ಹಲಗೆ ಹೊದಿಕೆ), ಎಲ್ಲ ಕಳೆದು ತಲೆಗೆ ತಾಗುವುದು ಯಾವುದೋ ಅಲ್ಲಿಯವರೆಗೆ ಅಳೆಯಿರಿ.

ನಮ್ಮ ಮನೆಯಲ್ಲಿ ಹೊರಗೋಡೆ ಅಟ್ಟದ ನೆಲದಿಂದ ಮೂರಡಿ ಎದ್ದಿದೆ, ಅಲ್ಲಿಂದ ಕೋಳಿನ (ಮಾಡಿನ ನೆತ್ತಿಯ ತೊಲೆಯ) ನೇರಕ್ಕೆ 12 ಅಡಿ. ಕೋಳಿನ ಕೆಳಗೆ 10 ಅಡಿ ಎತ್ತರ ಸಿಗುತ್ತದೆ. ಕೇಳಲು ಧಾರಾಳ. ಆದರೆ ಬಚ್ಚಲ ನೆಲದಡಿ ಟ್ರ್ಯಾಪ್ ಮತ್ತು ಪೈಪು ಅಡಗಿಸಲು ಏಳಿಂಚಿನ ಕಟ್ಟೆ ಎಬ್ಬಿಸಿದೆವು. ಆ ಏಳಿಂಚು ಎಂದರೆ ಒಂದಡಿ ಜಾಗ ನಷ್ಟ: ಏಳಡಿ ಎತ್ತರ ಸಿಗುವ ಗೆರೆ ಗೋಡೆಯಿಂದ ಏಳಡಿಯಲ್ಲಿದ್ದದ್ದು ಎಂಟಡಿಗೆ ಸರಿಯಿತು. ಕಾಗದದ ಮೇಲೆ ಎಷ್ಟೋ ನಕ್ಷೆಗಳು ಕೆಡುವುದು ಈ ಒಂದಡಿಯಲ್ಲೇ.

ಬಚ್ಚಲಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಎತ್ತರ 2.1 ಮೀಟರ್, ಹೆಚ್ಚುಕಡಿಮೆ ಏಳಡಿ. ಸ್ನಾನ ಮತ್ತು ಕಮೋಡು ಒಟ್ಟಿಗಿದ್ದರೆ ವಿಸ್ತೀರ್ಣ ಕನಿಷ್ಠ 2.8 ಚದರ ಮೀಟರ್, ಅಂದರೆ 30 ಚದರಡಿ. ಓರೆ ಮಾಡಿನಡಿ ಇಡೀ ಕೋಣೆಗೆ ಏಳಡಿ ಸಿಗುವುದಿಲ್ಲ. ಆದರೆ ನಿಂತು ಸ್ನಾನ ಮಾಡುವ ಜಾಗಕ್ಕೆ ಸಿಗಲೇಬೇಕು.

ಕಮೋಡಿನ ಹಿಂದೆ ಒಂದು ಗೂಡು

ಎಲ್ಲರೂ ಮಾಡುವ ತಪ್ಪು: "ಕೂರುವುದಕ್ಕೆ ಎತ್ತರ ಯಾಕೆ" ಎಂದು ಕಮೋಡನ್ನು ತಗ್ಗಿನ ಗೋಡೆಗೆ ಅಂಟಿಸುವುದು. ಕೂತಾಗ ತಲೆ ನೆಲದಿಂದ ನಾಲ್ಕೂಕಾಲು ಅಡಿ ಮೇಲಿರುತ್ತದೆ. ಕೂತವರು ಏಳುತ್ತಾರೆ, ಏಳುವಾಗ ಮುಂದಕ್ಕೆ ಬಾಗಿ ಏಳುತ್ತಾರೆ. ಗಂಡಸರು ನಿಲ್ಲುತ್ತಾರೆ ಕೂಡ. ತಲೆ ಪಕಾಸಿಗೆ ಬಡಿದ ಶಬ್ದ ಕೆಳಗಿನ ಜಗಲಿಗೆ ಕೇಳುತ್ತದೆ.

ಹೊರಗೋಡೆಯಿಂದ ಮೂರೂವರೆ ಅಡಿ ಒಳಗೆ ಒಂದು ತೆಳು ಗೋಡೆ ಎಬ್ಬಿಸಿ, ಕಮೋಡಿನ ಬೆನ್ನು ಅದಕ್ಕಿರಲಿ. ಕಮೋಡು ಎರಡೂಕಾಲು ಅಡಿ ಮುಂದೆ ಬರುತ್ತದೆ. ಅದರ ಮುಂದೆ ನಿಂತವನ ತಲೆಗೆ ಆರಡಿಗಿಂತ ತುಸು ಹೆಚ್ಚು ಎತ್ತರ ಸಿಗುತ್ತದೆ. ತೆಳುಗೋಡೆಯ ಹಿಂದೆ ಉಳಿದ ಮೂರೂವರೆ ಅಡಿ ದಂಡವಾಯಿತು ಎನ್ನಬೇಡಿ, ಇಡೀ ಯೋಜನೆಯಲ್ಲಿ ಬೆಲೆಬಾಳುವ ಜಾಗ ಅದೇ. ಪೈಪು, ವಾಲ್ವು, ಫ್ಲಶ್ ಟ್ಯಾಂಕಿನ ಆಂಗಲ್ ಕಾಕ್ ಎಲ್ಲ ಆ ಗೂಡಿನಲ್ಲಿ ಕಣ್ಣೆದುರೇ ಇರುತ್ತವೆ. ಮೊಣಕಾಲೂರಿ ಒಳಗೆ ಹೋಗುವಷ್ಟು ಒಂದು ಕಿರುಬಾಗಿಲು ಇಡಿ.

ಈ ಏರ್ಪಾಡಿಗೆ ಪಿ-ಟ್ರ್ಯಾಪ್ ಕಮೋಡೇ ಬೇಕು. ಅದರ ಬಾಯಿ ಹಿಂದಕ್ಕೆ, ನೆಲದಿಂದ ಸುಮಾರು ಏಳಿಂಚು ಮೇಲೆ ಇರುತ್ತದೆ. ಅಲ್ಲಿಂದ ಪೈಪು ತೆಳುಗೋಡೆ ದಾಟಿ ಗೂಡಿನೊಳಗೆ ಮೂರೂವರೆ ಅಡಿ ಓಡಿ, ಒಂದಿಂಚು ಇಳಿದು, ಹೊರಗೋಡೆ ತೂರಿ ಕೆಳಗಿಳಿಯುತ್ತದೆ. ನೆಲ ಕೊರೆಯುವ ಮಾತೇ ಇಲ್ಲ. ಎಸ್-ಟ್ರ್ಯಾಪ್ ಆದರೆ ನೆಲಕ್ಕೆ ತೂತು, ಮುಚ್ಚಿಗೆಯಡಿ ನೇತಾಡುವ ಪೈಪು, ಕೆಳಗಿನ ಕೋಣೆಯಲ್ಲಿ ಮಲಗಿದವರಿಗೆ ರಾತ್ರಿಯಿಡೀ ಸದ್ದು. ಅಂಗಡಿಯಲ್ಲಿ ಡಿಸ್ಕೌಂಟಿಗೆ ಸಿಗುವ ಕಮೋಡು ಹೆಚ್ಚಾಗಿ ಎಸ್-ಟ್ರ್ಯಾಪೇ ಆಗಿರುತ್ತದೆ, ನೋಡಿ ತನ್ನಿ.

ಪೈಪು ತಿರುಗುವ ಕಡೆ 90 ಡಿಗ್ರಿಯ ಒಂದು ಎಲ್ಬೋ ಬದಲು 45ರ ಎರಡು ಹಾಕಿಸಿ. ಪ್ರತಿ ತಿರುವಿಗೂ ಡೋರ್ ಬೆಂಡ್ (ತೆರೆದು ಶುಚಿ ಮಾಡಲು ಬಾಗಿಲಿರುವ ತುಂಡು) ಇರಲಿ, ಅದರ ಬಾಗಿಲು ಗೋಡೆಯತ್ತ ಅಲ್ಲ, ಕೈಗೆ ಸಿಗುವತ್ತ ಇರಲಿ. ಇದನ್ನು ಹೇಳಬೇಕಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಮಲವನ್ನು ಅರೆದು ಸಣ್ಣ ಪೈಪಿನಲ್ಲಿ ಪಂಪ್ ಮಾಡುವ ಯಂತ್ರಗಳೂ ಬರುತ್ತವೆ. ಅದಿದ್ದರೆ ಕಮೋಡು ಎಲ್ಲಿ ಬೇಕಾದರೂ ಇಡಬಹುದು. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇಲ್ಲದ ಊರಿಗೆ ನಾನದನ್ನು ಹೇಳಲಾರೆ.

ಮಿಕ್ಕ ಜಾಗದ ಹಂಚಿಕೆ

ತೆಳುಗೋಡೆಯಿಂದ ಕೋಳಿನ ಕಡೆಗೆ ಏಳಡಿ, ಅಗಲ ಆರಡಿ: ನಮ್ಮ ಬಚ್ಚಲು ಇಷ್ಟು, 42 ಚದರಡಿ. ಉದ್ದುದ್ದಕ್ಕೆ ಎರಡು ಪಾಲು ಮಾಡಿದೆವು. ಬಲಪಾಲಿನಲ್ಲಿ ತಗ್ಗಿನ ತುದಿಗೆ ಕಮೋಡು, ಎತ್ತರದ ತುದಿಗೆ ಬಾಗಿಲು, ಬಾಗಿಲ ಪಕ್ಕದ ನೆಟ್ಟ ಗೋಡೆಗೆ ವಾಶ್‌ಬೇಸಿನ್. ಬೇಸಿನ್ನನ್ನು ತಗ್ಗಿನ ಕಡೆಗೆ ಇಡಲೇಬೇಡಿ. ಮುಖ ತೊಳೆಯಲು ಬಾಗಿದವರು ತಲೆ ಎತ್ತುವಾಗ ಓರೆ ಮಾಡು ಕಾದಿರುತ್ತದೆ, ಕನ್ನಡಿಗೂ ಜಾಗವಿಲ್ಲ.

ಎಡಪಾಲು ಪೂರ್ತಿ ಸ್ನಾನಕ್ಕೆ. ಎತ್ತರದ ತುದಿಯಲ್ಲಿ ಶವರ್. ತಗ್ಗಿನ ತುದಿಯಲ್ಲಿ ಬಕೆಟ್, ನಲ್ಲಿ, ಒಂದು ಮಣೆ. ಶವರ್ ಮಾತ್ರ ಇಡುವ ನಕ್ಷೆಗಳಲ್ಲಿ ಓರೆಯ ಕೆಳಗಿನ ಮೂಲೆ ಸುಮ್ಮನೆ ಬಿದ್ದಿರುತ್ತದೆ. ಮಣೆ ಮೇಲೆ ಕೂತು ಚೊಂಬಿನಲ್ಲಿ ಮೀಯುವ ನಮಗೆ ನಾಲ್ಕೂವರೆ ಅಡಿ ಎತ್ತರದ ಆ ಮೂಲೆ ಹೇಳಿ ಮಾಡಿಸಿದ್ದು. ಅಮ್ಮನಂತೂ ಶವರ್ ಮುಟ್ಟಿಯೇ ಇಲ್ಲ.

ನೀರು ಇಳಿಯುವ ನಹಾನಿ ಟ್ರ್ಯಾಪ್ ಈ ತಗ್ಗಿನ ತುದಿಯಲ್ಲೇ ಇರಲಿ, ಶವರ್ ಕೆಳಗೆ ಬೇಡ. ಹೊರಗೋಡೆಗೆ ಅಲ್ಲಿಂದ ನಾಲ್ಕೂವರೆ ಅಡಿ. ಇಳಿಜಾರಿಗೆ ಒಂದೂವರೆ ಇಂಚು ಸಾಕು. ಶವರ್ ಅಡಿಯಲ್ಲಿಟ್ಟರೆ ಪೈಪಿನ ಉದ್ದ ಎರಡರಷ್ಟಾಗಿ ಕಟ್ಟೆ ಇನ್ನೂ ಏರಬೇಕು, ಕಟ್ಟೆ ಏರಿದರೆ ತಲೆಯ ಮೇಲಿನ ಎತ್ತರ ಮತ್ತೆ ಕಡಿಮೆ.

ಬಾಗಿಲು ಹೊರಕ್ಕೆ ತೆರೆಯಲಿ. ಬೆಳಕಿಗೆ ಎರಡು ಗಾಜಿನ ಹಂಚು, ಗಾಳಿಗೆ ಒಂದು ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನ್. ಫ್ಯಾನಿನ ಗಾಳಿ ಅಟ್ಟದೊಳಗೇ ಬಿಡದೆ ಹೊರಗೆ ಹೋಗಬೇಕು. ಇಲ್ಲವಾದರೆ ಹಬೆ ಹೋಗಿ ಪಕಾಸಿಗೆ ಕೂರುತ್ತದೆ, ಎರಡು ಮಳೆಗಾಲದಲ್ಲಿ ಬೂಸಲು, ಮೂರನೆಯದಕ್ಕೆ ಕುಂಬು.

ಭಾರ

ಇಲ್ಲಿ ಮಾತ್ರ ನಿಮ್ಮ ಲೆಕ್ಕ, ನನ್ನ ಲೆಕ್ಕ ಬೇಡ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಯಾಕೆಂದು ತಿಳಿಯಲು ಒಂದು ಅಂದಾಜು ನೋಡಿ. ಪೇಟೆಮನೆಯ ರೀತಿಯಲ್ಲಿ ನಾಲ್ಕಿಂಚು ಕಾಂಕ್ರೀಟ್, ಅದರ ಮೇಲೆ ಎಂಟಿಂಚು ಇಟ್ಟಿಗೆ ಚೂರು ತುಂಬಿ, ಗಾರೆ ಹಾಕಿ ಟೈಲ್ಸ್ ಹೊದಿಸಿದರೆ ಚದರ ಮೀಟರಿಗೆ 600 ಕಿಲೋ ದಾಟುತ್ತದೆ. ನಮ್ಮ 42 ಚದರಡಿಗೆ ಅದು ಎರಡೂವರೆ ಟನ್. ಗೋಡೆಗಳು ಇನ್ನೂ ಬಂದಿಲ್ಲ, ನೀರು ಬಂದಿಲ್ಲ, ಜನ ಬಂದಿಲ್ಲ. ಅಡಿಕೆ ಮೂಟೆಗೆಂದು ಹಾಕಿದ ತೊಲೆ ಇದನ್ನು ಹೊರುವುದೇ?

ನಾವು ಹಳೆಯ ತೊಲೆಗಳನ್ನು ಮುಟ್ಟಲಿಲ್ಲ. ಗೋಡೆಯಿಂದ ಗೋಡೆಗೆ ಕಬ್ಬಿಣದ ಐ-ಬೀಮ್ ಹಾಕಿ, ಅದರ ಮೇಲೆ ಚೌಕಟ್ಟು, ಚೌಕಟ್ಟಿನ ಮೇಲೆ 18 ಮಿ.ಮೀ. ಸಿಮೆಂಟ್ ಬೋರ್ಡ್. ಗೋಡೆಗೂ ಅದೇ ಜಾತಿಯ ತೆಳು ಬೋರ್ಡ್. ಚದರ ಮೀಟರಿಗೆ 18 ಮಿ.ಮೀ. ಬೋರ್ಡು ಇಪ್ಪತ್ತಮೂರು ಇಪ್ಪತ್ತನಾಲ್ಕು ಕಿಲೋ ತೂಗುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಜಂಬಿಟ್ಟಿಗೆ ಗೋಡೆಯ ಮೇಲೆ ಬೀಮನ್ನು ನೇರವಾಗಿ ಕೂರಿಸಬಾರದು, ಕಲ್ಲು ಪುಡಿಯಾಗುತ್ತದೆ. ಕಾಂಕ್ರೀಟಿನ ಬೆಡ್ ಬ್ಲಾಕ್ ಹಾಕಿ ಅದರ ಮೇಲೆ ಕೂರಿಸಿ. ಹಳೆಯ ಮುಚ್ಚಿಗೆಗೂ ಹೊಸ ಚೌಕಟ್ಟಿಗೂ ನಡುವೆ ಎರಡಿಂಚು ಖಾಲಿ ಬಿಡಿ. ಮರಕ್ಕೆ ಗಾಳಿಯಾಡುತ್ತದೆ, ಎಲ್ಲಾದರೂ ತೊಟ್ಟಿಕ್ಕಿದರೆ ಟಾರ್ಚ್ ಬಿಟ್ಟು ನೋಡಬಹುದು.

ಇನ್ನೊಂದು. ಮಾಡಿನ ಕತ್ತರಿಯ (ಮಾಡನ್ನು ಹೊತ್ತ ತ್ರಿಕೋನ ಚೌಕಟ್ಟಿನ) ಅಡ್ಡ ತೊಲೆ ಬಚ್ಚಲ ದಾರಿಗೆ ಅಡ್ಡ ಬಂದರೆ ಬಚ್ಚಲನ್ನು ಸರಿಸಿ, ತೊಲೆಯನ್ನು ಕೊಯ್ಯಬೇಡಿ. ಎರಡು ಗೋಡೆಗಳು ಹೊರಕ್ಕೆ ಜರುಗದಂತೆ ಹಿಡಿದಿರುವುದು ಅದೇ.

ಮೇಲಕ್ಕೆ ಬರುವ ನೀರು

ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಹಿತ್ತಿಲ ಸ್ಲ್ಯಾಬಿನ ಮೇಲಿನ ಸಿಂಟೆಕ್ಸ್ ಅಟ್ಟದ ಶವರಿಗಿಂತ ಕೆಳಗೇ ಇರಬಹುದು, ಆಗ ನೀರು ಏರುವುದೇ ಇಲ್ಲ. ಒಂದು ಮೀಟರ್ ಮೇಲಿದ್ದರೂ ಕಣ್ಣೀರಿನಷ್ಟು ಬರುತ್ತದೆ. ಮನೆಯ ಹಿಂದೆ ಗುಡ್ಡವಿದ್ದು ಅಬ್ಬಿ ನೀರಿನ ಸವಲತ್ತಿದ್ದರೆ ನೀವು ಭಾಗ್ಯವಂತರು: ಗುಡ್ಡದಲ್ಲಿ ಹತ್ತು ಮೀಟರ್ ಮೇಲೆ ಟ್ಯಾಂಕಿ ಇಟ್ಟರೆ ಪಂಪೂ ಬೇಡ, ಕರೆಂಟೂ ಬೇಡ. ಒಂದು ಫಿಲ್ಟರ್ ಹಾಕಿ, ಮೊದಲ ಮಳೆಯ ಕೆಸರು ಶವರಿನ ತೂತು ಮುಚ್ಚುತ್ತದೆ. ಪೈಪು ನಡುವೆ ಎಲ್ಲೂ ಡುಬ್ಬದಂತೆ ಏಳದಿರಲಿ, ಅಲ್ಲಿ ಗಾಳಿ ನಿಂತು ನೀರು ತಡೆಯುತ್ತದೆ. ಗುಡ್ಡವಿಲ್ಲದವರಿಗೆ ಸಣ್ಣ ಪ್ರೆಷರ್ ಪಂಪ್.

ಗೋಡೆ ಮುಚ್ಚುವ ಮೊದಲೇ ಶವರ್ ಬರುವ ಎತ್ತರದಲ್ಲಿ ಪೈಪಿನ ಬಾಯಿ ಬಿಟ್ಟು 15 ಲೀಟರಿನ ಬಕೆಟ್ ಹಿಡಿಯಿರಿ. ಎರಡು ನಿಮಿಷದೊಳಗೆ ತುಂಬಿದರೆ ಶವರ್ ಚೆನ್ನಾಗಿ ಬರುತ್ತದೆ. ಮೂರು ನಿಮಿಷ ದಾಟಿದರೆ ಪಂಪಿನ ಬಗ್ಗೆ ಈಗಲೇ ಯೋಚಿಸಿ.

ಬಿಸಿ ನೀರಿಗೆ ಸಿಪಿವಿಸಿ ಪೈಪು. ಬಿಳಿ ಯುಪಿವಿಸಿ ತಣ್ಣೀರಿಗೆ ಮಾತ್ರ. ಹದಿನೈದು ಲೀಟರ್ ಗೀಸರ್ ನೀರು ತುಂಬಿದಾಗ 25 ಕಿಲೋ ಆಸುಪಾಸು, ಅದನ್ನು ಬೋರ್ಡಿಗೆ ನೇತುಹಾಕದೆ ಬೋರ್ಡಿನ ಹಿಂದಿನ ಕಬ್ಬಿಣಕ್ಕೆ ಬೋಲ್ಟ್ ಮಾಡಿಸಿ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್), ಅರ್ಥಿಂಗ್ ಇಲ್ಲದೆ ಗೀಸರ್ ಬೇಡವೇ ಬೇಡ. ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಇಡಬೇಡಿ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ವಾಸನೆ ಇಲ್ಲ, ಬಣ್ಣ ಇಲ್ಲ, ಒಳಗಿದ್ದವರಿಗೆ ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪಿರುತ್ತದೆ.

ಗಾಳಿ ಪೈಪು, ಹಳೇ ಹಂಚು, ಮಂಗ

ಕಮೋಡು ಫ್ಲಶ್ ಮಾಡಿದಾಗ ಪೈಪಿನಲ್ಲಿ ಇಳಿಯುವ ನೀರು ಹಿಂದಿನಿಂದ ಗಾಳಿ ಎಳೆಯುತ್ತದೆ. ಗಾಳಿ ಪೈಪು ಇಲ್ಲದಿದ್ದರೆ ಅದು ಎಳೆಯುವುದು ಟ್ರ್ಯಾಪಿನಲ್ಲಿ ನಿಂತ ಎರಡಿಂಚು ನೀರನ್ನು. ನೀರು ಹೋದರೆ ನಾತ ಬರಲು ಅಡ್ಡಿಯಿಲ್ಲ. ಆದ್ದರಿಂದ ಮಲದ ಪೈಪನ್ನು ಮೇಲಕ್ಕೆ ಮುಂದುವರಿಸಿ, ಕಿಟಕಿಗಳಿಗಿಂತ ಎತ್ತರದಲ್ಲಿ ಬಯಲಿಗೆ ಬಿಡಿ.

ಹಂಚು ಕೊರೆದು ಪೈಪು ತೂರಿಸುವುದು ಕೊನೆಯ ದಾರಿ. ತ್ರಿಕೋನದ ಗೋಡೆಯಿಂದ ಹೊರಬಂದು ಮೇಲೇರಲು ಆಗುತ್ತದೆಯೇ ಮೊದಲು ನೋಡಿ. ಆಗದಿದ್ದರೆ ಒಂದು ಹಂಚು ತೆಗೆದು, ಆ ಜಾಗಕ್ಕೆ ಕಾಲರ್ ಇರುವ ಅಲ್ಯೂಮಿನಿಯಂ ತಗಡು ಕೂರಿಸಿ. ತೆಗೆದ ಹಂಚನ್ನು ಜೋಪಾನ ಮಾಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಬಂದ ಒಂದೊಂದು ಕಾರ್ಖಾನೆಯ ಅಚ್ಚೂ ಕೂದಲೆಳೆಯಷ್ಟು ಬೇರೆ. ಒಂದು ಒಡೆದರೆ ಅದೇ ಅಚ್ಚಿನದ್ದು ಹುಡುಕಿಕೊಂಡು ಹಳೇ ಮನೆ ಕೆಡವುವಲ್ಲಿಗೆ ಹೋಗಬೇಕು.

ಪೈಪಿನ ತುದಿಗೆ ಕೌಲ್ (ಗಾಳಿಯಾಡುವ ಟೊಪ್ಪಿ), ಕೌಲ್ ಒಳಗೆ ಸೊಳ್ಳೆ ಜಾಲರಿ. ಪೈಪಿಗೆ ಮೂರು ಕಡೆ ಕಬ್ಬಿಣದ ಕ್ಲ್ಯಾಂಪ್ ಹಾಕಿಸಿ. ಮಂಗಗಳಿಗೆ ನೆಟ್ಟಗೆ ನಿಂತ ಪೈಪು ಕಂಡರೆ ಜೋತಾಡದೆ ಇರಲಾಗುವುದಿಲ್ಲ. ನಮ್ಮದನ್ನು ಒಂದೇ ವಾರದಲ್ಲಿ ಬಾಗಿಸಿದವು.

ಮುಚ್ಚುವ ಮೊದಲು

ಬೋರ್ಡಿನ ಸಂದುಗಳಿಗೆ ಟೇಪ್, ಮೂಲೆಗಳಿಗೆ ಫೈಬರ್ ಜಾಲರಿ, ಅದರ ಮೇಲೆ ಎರಡು ಕೈ ವಾಟರ್‌ಪ್ರೂಫ್ ಲೇಪ. ಲೇಪ ಗೋಡೆಗೆ ಒಂದಡಿ ಹತ್ತಲಿ, ಸ್ನಾನದ ಕಡೆ ಶವರಿನವರೆಗೆ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಟ್ರ್ಯಾಪಿನ ಕತ್ತಿನ ಸುತ್ತ. ಅಲ್ಲಿ ಮೇಸ್ತ್ರಿ ಬ್ರಶ್ ಆಡಿಸುವಾಗ ನೀವು ಪಕ್ಕದಲ್ಲೇ ಇರಿ, ಚಹಾ ಆಮೇಲೆ ಕುಡಿದರಾಯಿತು.

ಲೇಪ ಒಣಗಿದ ಮೇಲೆ ಟ್ರ್ಯಾಪಿಗೆ ಬಟ್ಟೆಯುಂಡೆ ತುರುಕಿ, ಎರಡಿಂಚು ನೀರು ಕಟ್ಟಿ, 48 ಗಂಟೆ ಬಿಡಿ. ಕೆಳಗಿನ ಮುಚ್ಚಿಗೆಯ ಮೇಲೆ, ಆ ಎರಡಿಂಚು ಸಂದಿನಲ್ಲಿ, ಹಳೆಯ ಪತ್ರಿಕೆ ಹಾಸಿ. ಹನಿ ಬಿದ್ದು ಒಣಗಿದರೂ ಕಾಗದ ಮುದುಡಿ ಗುರುತು ಉಳಿಯುತ್ತದೆ. ನಮ್ಮಲ್ಲಿ ಮೊದಲ ದಿನ ಏನೂ ಇರಲಿಲ್ಲ. ಎರಡನೇ ದಿನ ಸಂಜೆ ಪುರವಣಿಯ ಒಂದು ಮೂಲೆ ಅಂಗೈಯಗಲ ಉಬ್ಬಿತ್ತು. ಟೈಲ್ಸ್ ಹಾಕಿಯಾಗಿದ್ದರೆ ಅದು ಮುಂದಿನ ವರ್ಷ ಜಗಲಿಯ ಮುಚ್ಚಿಗೆಯಲ್ಲಿ ಕಂದು ಕಲೆಯಾಗಿ ಕಾಣುತ್ತಿತ್ತು.

ಪೈಪುಗಳನ್ನು ಮುಚ್ಚುವ ಮುನ್ನ ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಪ್ರಿಂಟ್ ಮಾಡಿ ಗೂಡಿನ ಕಿರುಬಾಗಿಲಿನ ಒಳಮೈಗೆ ಅಂಟಿಸಿ. ಅತಿಥಿಗಳಿಲ್ಲದ ಬೇಸಿಗೆ ತಿಂಗಳಲ್ಲಿ ಟ್ರ್ಯಾಪಿನ ನೀರು ಆರಿಹೋಗುತ್ತದೆ, ವಾರಕ್ಕೊಂದು ಚೊಂಬು ನೀರು ಹುಯ್ಯಿರಿ. ಕಿರುಬಾಗಿಲಿಗೆ ಬೀಗ ಬೇಡ, ಚಿಲಕ ಸಾಕು. ಪೈಪು ಕಟ್ಟಿಕೊಳ್ಳುವ ದಿನ ಬೀಗದ ಕೈ ಸಿಕ್ಕುವುದಿಲ್ಲ.